ಮಾವನವರಿಗೆ ಬಂದ ಫೋನು

ನಮ್ಮ ಮನೆಯಲ್ಲಿ ಒಂದು ನಿಯಮವಿತ್ತು. ಮಾವನವರನ್ನು ಕೇಳಿಕೊಂಡು ಯಾರು ಫೋನ್ ಮಾಡಿದರೂ ಮಾತು ಬೆಳೆಸದೆ ಇಟ್ಟುಬಿಡಬೇಕು.

ಮಾವನವರು ತೀರಿಕೊಂಡು ಹದಿನೆಂಟು ವರ್ಷವಾಗಿತ್ತು. ಮಂಡ್ಯದ ಕಡೆಯ ಒಂದು ಹಳ್ಳಿಯಲ್ಲಿ ಹಾಲಿನ ಡೇರಿಯ ಕಾರ್ಯದರ್ಶಿಯಾಗಿದ್ದವರು. ಮದರಾಸಿನಿಂದ ಆಚೆಗೆ ಕಾಲಿಟ್ಟವರಲ್ಲ. ಆದರೂ ಕ್ವಾಲಾಲಂಪುರದ ಬ್ರಿಕ್‌ಫೀಲ್ಡ್ಸಿನಲ್ಲಿರುವ ನಮ್ಮ ಫ್ಲ್ಯಾಟಿನಲ್ಲಿ, ನನ್ನ ಮೊಬೈಲಿಗೆ, ವಾರಕ್ಕೊಮ್ಮೆಯಾದರೂ ಅವರಿಗೆ ಫೋನ್ ಬರುತ್ತಿತ್ತು. ನಿಮ್ಮ ಪಾರ್ಸೆಲ್ ಕಸ್ಟಮ್ಸ್‌ನಲ್ಲಿ ಸಿಕ್ಕಿಕೊಂಡಿದೆ ಎಂದು ಒಬ್ಬ ಹೇಳುವನು. ನಿಮ್ಮ ಮೇಲೆ ಪೊಲೀಸ್ ಕೇಸಿದೆ ಎಂದು ಇನ್ನೊಬ್ಬ ಹೆದರಿಸುವನು. ಎಲ್ಲವೂ ಮೋಸದ ಫೋನುಗಳು. ಅಂಥವರ ಕೈಗೆ ನಮ್ಮ ಹೆಸರುಗಳ ಪಟ್ಟಿ ಎಲ್ಲಿಂದ ಸಿಗುತ್ತಿತ್ತೋ, ಸಿಕ್ಕಿದ ಪಟ್ಟಿಯಲ್ಲಿ ನನ್ನ ನಂಬರಿನ ಎದುರಿಗೆ ಮಾವನವರ ಹೆಸರೇ ಇರುತ್ತಿತ್ತು.

“ಅಪ್ಪನ್ನ ಕೇಳ್ಕೊಂಡು ಫೋನ್ ಬಂತು ಅಂದ್ರೆ ಕಳ್ಳ ಅಂತಾನೇ ತಿಳ್ಕೊ. ‘ಅವರು ಹೋಗಿ ಬಹಳ ದಿನ ಆಯ್ತು, ಸ್ವರ್ಗಕ್ಕೆ ಮಾಡಿ’ ಅಂತ ಹೇಳಿ ಇಟ್ಬಿಡು,” ಎಂದು ಈ ನಿಯಮ ಮಾಡಿದವರು ಇವರೇ.

ಇವರು ಎಂದರೆ ನನ್ನ ಗಂಡ. ಈ ಬರಹದಲ್ಲಿ ಯಾರ ಹೆಸರನ್ನೂ ಬರೆಯುವುದಿಲ್ಲ. ಹೆಸರುಗಳಿಂದ ಆಗಬೇಕಾದ್ದೆಲ್ಲ ಆಗಿಹೋಗಿದೆ. ಮದುವೆಯಾದ ಇಪ್ಪತ್ತು ವರ್ಷವೂ ನಾನು ಇವರನ್ನು ಕರೆದದ್ದು ‘ರೀ’ ಎಂದು, ಬೇರೆಯವರ ಮುಂದೆ ಹೇಳಿದ್ದು ‘ಇವರು’ ಎಂದು. ಹಾಗಾಗಿ ಹೆಸರಿಲ್ಲದೆ ಬರೆಯುವುದು ನನಗೇನೂ ಕಷ್ಟವಲ್ಲ.

ನಾನು ಅಂಥ ಫೋನಿಗೆ ಉತ್ತರ ಕೊಡುವಾಗ ಇವರು ಸೋಫಾದ ಮೇಲೆ ಕುಳಿತು, ತೋರುಬೆರಳನ್ನು ಚಾವಣಿಯ ಕಡೆಗೆ ಎತ್ತಿ, ಸದ್ದಿಲ್ಲದೆ ಹೊಟ್ಟೆ ಕುಣಿಸಿ ನಗುತ್ತಿದ್ದರು. ಮೇಲಿನ ಲೈನಿಗೆ ಹಾಕು ಎಂದು ಅದರ ಅರ್ಥ. ಸತ್ತ ತಂದೆಯ ವಿಷಯದಲ್ಲಿ ಇಂಥ ತಮಾಷೆಯೇ ಎಂದು ನಾನು ಮೊದಮೊದಲು ಸಿಡುಕುತ್ತಿದ್ದೆ. ಆಮೇಲೆ ನನಗೂ ರೂಢಿಯಾಯಿತು.

ತಂದೆಯ ಹೆಸರು ಮಗನ ಮೇಲೆ ಹೇಗೆ ಬಂದು ಕುಳಿತಿತು ಎಂದು ಹೇಳಬೇಕು. ನಮ್ಮ ಕಡೆ ಹೆಸರಿಗೆ ಮುಂಚೆ ಎರಡು ಇನಿಷಿಯಲ್. ಮೊದಲನೆಯದು ಊರು, ಎರಡನೆಯದು ಅಪ್ಪ, ಕೊನೆಗೆ ತಾನು. ಶಾಲೆಯ ಹಾಜರಿಯಲ್ಲಿ, ಬಸ್ ಪಾಸಿನಲ್ಲಿ, ಮದುವೆಯ ಕಾಗದದಲ್ಲಿ ಇದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ಪಾಸ್‌ಪೋರ್ಟ್ ಮಾಡಿಸುವಾಗ ಮಾತ್ರ ಮೈಸೂರಿನ ಟೈಪಿಂಗ್ ಅಂಗಡಿಯವನು, “ಸರ್‌ನೇಮ್ ಜಾಗಕ್ಕೆ ಊರು ಹಾಕಿ ಸಾರ್, ಉಳಿದಿದ್ದೆಲ್ಲಾ ಗಿವನ್ ನೇಮ್‌ಗೆ ತುಂಬಿಬಿಡೋಣ,” ಎಂದನಂತೆ. ಇವರು ಹೂಂ ಎಂದರಂತೆ. ಹಾಗೆ ಪುಸ್ತಕದಲ್ಲಿ ಅಪ್ಪ ಮೊದಲಾದರು, ಊರು ಕೊನೆಯಾಯಿತು, ಇವರು ನಡುವೆ ಸಿಕ್ಕಿಕೊಂಡರು.

ಕ್ಲಾಂಗ್ ಬಂದರಿನ ಹಡಗು ಸಾಗಣೆಯ ಕಂಪನಿಯೊಂದರಲ್ಲಿ ಕಂಪ್ಯೂಟರ್ ಕೆಲಸಕ್ಕೆ ಸೇರಿದ ಮೊದಲ ದಿನವೇ ಅಲ್ಲಿನ ಯಂತ್ರ ಮೂರು ಖಾನೆ ಮಾಡಿ ಇವರನ್ನು ಹಂಚಿತು. ಮೊದಲ ಹೆಸರು, ನಡುವಿನ ಹೆಸರು, ಕೊನೆಯ ಹೆಸರು. ಕೊರಳಿಗೆ ಹಾಕಿಕೊಳ್ಳುವ ಕಾರ್ಡಿನಲ್ಲಿ ಮಾವನವರ ಹೆಸರು ದಪ್ಪಗೆ ಬಂತು. ಇವರು ಒಂದಕ್ಷರ, ಒಂದು ಚುಕ್ಕೆಯಾದರು. ಅಂದಿನಿಂದ ಹದಿನೇಳು ವರ್ಷ ಇವರ ಸಹೋದ್ಯೋಗಿಗಳು, ಮ್ಯಾನೇಜರು, ಕಾವಲಿನವನು, ಕೆಳಗಿನ ತಮಿಳು ಮುಸ್ಲಿಮರ ಮಾಮಕ್ ಹೋಟೆಲಿನಲ್ಲಿ ಚಹಾ ಎತ್ತಿ ಸುರಿಯುವವನು, ಎಲ್ಲರೂ ಇವರನ್ನು ಕರೆದದ್ದು ಮಾವನವರ ಹೆಸರಿನಿಂದ. ಇವರ ಪಾಸ್‌ಪೋರ್ಟ್ ತೋರಿಸಿ ತೆಗೆದ ನನ್ನ ಮೊಬೈಲಿನ ಸಿಮ್ ಕೂಡ ಅದೇ ಹೆಸರಿನಲ್ಲಿತ್ತು. ತಿದ್ದಿಸಿಕೊಳ್ಳಿ ಎಂದು ನಾನು ಎಷ್ಟು ಬಾರಿ ಹೇಳಿದೆನೋ.

“ಬಿಡೇ. ಅಪ್ಪನಿಗೆ ಫಾರಿನ್ ನೋಡ್ಬೇಕು ಅಂತ ಬಹಳ ಆಸೆ ಇತ್ತು. ಹೆಸರಾದ್ರೂ ಬಂತಲ್ಲ,” ಎಂದು ಇವರು ಮಾತು ತೇಲಿಸುತ್ತಿದ್ದರು.

ನಾನು ಸೊಸೆಯಾಗಿ ಹೋದ ಎರಡನೆಯ ವರ್ಷಕ್ಕೇ ಮಾವನವರು ತೀರಿಕೊಂಡಿದ್ದರು. ಗಂಡನ ಹೆಸರು ಹೇಳಬಾರದು, ಮಾವನ ಹೆಸರಂತೂ ಬಾಯಲ್ಲಿ ಬರಲೇಬಾರದು ಎನ್ನುವ ಮನೆ ಅದು. ಅವರದು ದೇವರ ಹೆಸರು. ಆ ದೇವರ ಗುಡಿಗೆ ಹೊರಟಾಗ ನಮ್ಮತ್ತೆ ‘ಕೆರೆ ಹಿಂದಿನ ಗುಡಿಗೆ ಹೋಗಿಬರ್ತೀನಿ’ ಎನ್ನುತ್ತಿದ್ದರೇ ಹೊರತು ದೇವರನ್ನು ಹೆಸರು ಹಿಡಿದು ಕರೆದವರಲ್ಲ. ಇತಿಹಾಸ ಓದಿದ ನಾನು ಇಂಥದ್ದನ್ನೆಲ್ಲ ನಂಬುವವಳಲ್ಲ. ಆದರೂ ಆ ಹೆಸರು ಕಿವಿಗೆ ಬಿದ್ದ ಕೂಡಲೇ ಡೇರಿಯ ಮುಂದೆ ಬಿಳಿ ಪಂಚೆ ಉಟ್ಟು ನಿಂತ, ಯಾವತ್ತೂ ನಗದ ಆ ಹಿರಿಯರೇ ನನ್ನ ಕಣ್ಣ ಮುಂದೆ ಬರುತ್ತಿದ್ದರು. ಇವರು ಎಂದೂ ಬರಲಿಲ್ಲ. ಕೊನೆಗೂ ಬರಲಿಲ್ಲ. ಇಡೀ ಕತೆ ಇಷ್ಟೇ.

ನಾನು ಖಾಸಗಿ ಕಾಲೇಜೊಂದರಲ್ಲಿ ಯುರೋಪಿನ ಇತಿಹಾಸ ಪಾಠ ಮಾಡುತ್ತೇನೆ. ಮಹಾಮಾರಿಯ ಆ ಎರಡು ವರ್ಷ ಪಾಠವೆಲ್ಲ ಊಟದ ಮೇಜಿನ ಮೇಲೆ, ಲ್ಯಾಪ್‌ಟಾಪಿನ ಮುಂದೆ. ಎಂಸಿಓ ಎಂದು ಎಲ್ಲರೂ ಕರೆಯುತ್ತಿದ್ದ ಓಡಾಟದ ನಿರ್ಬಂಧ ಬರುವುದು, ಸಡಿಲವಾಗುವುದು, ಮತ್ತೆ ಬಿಗಿಯಾಗುವುದು. ಮಕ್ಕಳು ಕ್ಯಾಮೆರಾ ಆಫ್ ಮಾಡಿಕೊಂಡು ಮಲಗುತ್ತಿದ್ದರು ಎಂದು ಕಾಣುತ್ತದೆ. ಇಪ್ಪತ್ತೆಂಟು ಕಪ್ಪು ಚೌಕಗಳಿಗೆ ನಾನು ಸುಧಾರಣೆಯ ಯುಗ, ಚರ್ಚಿನ ದಾಖಲೆಗಳು, ಹುಟ್ಟು ಸಾವುಗಳ ಪುಸ್ತಕ ಇವನ್ನೆಲ್ಲ ವಿವರಿಸುತ್ತಿದ್ದೆ.

ಆ ವರ್ಷ ನಾನೇ ಬಹಳ ಇಷ್ಟಪಟ್ಟು ತಯಾರಿಸಿದ ಪಾಠವೆಂದರೆ ನಡುವಿನ ಹೆಸರಿನ ಪಾಠ. ಇಂಗ್ಲೆಂಡಿನಲ್ಲಿ ಹದಿನಾರು, ಹದಿನೇಳನೆಯ ಶತಮಾನದ ಬಹುಪಾಲು ಜನಕ್ಕೆ ನಡುವಿನ ಹೆಸರೇ ಇರಲಿಲ್ಲ. ಒಬ್ಬನಿಗೆ ದೀಕ್ಷೆಯ ಹೆಸರು ಎರಡಿರಬಹುದೇ ಎನ್ನುವುದೇ ಅಲ್ಲಿನ ವಕೀಲರಿಗೆ ಅನುಮಾನ. ಮೊದಲು ಸಿರಿವಂತರು ಇಟ್ಟುಕೊಂಡರು, ತಾಯಿಯ ಮನೆತನದ ಹೆಸರು ಉಳಿಯಲಿ ಎಂದು ಕೆಲವರು ಅದನ್ನು ನಡುವೆ ಸೇರಿಸಿದರು, ಆಮೇಲೆ ನಿಧಾನವಾಗಿ ಉಳಿದವರಿಗೂ ಬಂತು. ಜರ್ಮನ್ ಸೀಮೆಯ ಕತೆ ಇನ್ನೂ ಸ್ವಾರಸ್ಯ. ಅಲ್ಲಿ ಒಂದು ಮನೆಯ ಅಣ್ಣತಮ್ಮಂದಿರಿಗೆಲ್ಲ ಮೊದಲ ಹೆಸರು ಒಂದೇ ಇರುವುದುಂಟು, ಯಾರೋ ಸಂತನದು. ಅದರಿಂದ ಯಾರೂ ಯಾರನ್ನೂ ಕರೆಯುತ್ತಿರಲಿಲ್ಲ. ಕರೆಯುವ ಹೆಸರು ಎರಡನೆಯದು. ಅಮ್ಮ ಊಟಕ್ಕೆ ಕರೆದರೆ ಓಡಿಬರುವ ಹುಡುಗ ನಡುವೆ ಇದ್ದಾನೆ, ಅವನನ್ನು ಹುಡುಕಬೇಕಾದರೆ ಮೊದಲ ಹೆಸರನ್ನು ದಾಟಿ ಓದಿ ಎಂದು ನಾನು ಮಕ್ಕಳಿಗೆ ಹೇಳುತ್ತಿದ್ದೆ.

ಡಚ್ಚರ ಉದಾಹರಣೆಗೆ ಪುಸ್ತಕ ಬೇಕಿರಲಿಲ್ಲ, ಮಲಕ್ಕಾ ಹತ್ತಿರದಲ್ಲೇ ಇದೆ. ಗುಡ್ಡದ ಮೇಲಿನ ಮುರುಕು ಚರ್ಚಿನ ಗೋಡೆಗೆ ಅವರ ಗೋರಿಕಲ್ಲುಗಳನ್ನು ಆನಿಸಿ ನಿಲ್ಲಿಸಿದ್ದಾರೆ. ತನ್ನ ಹೆಸರು, ಅದರ ಹಿಂದೆ ಅಪ್ಪನ ಹೆಸರು, ಅದರ ತುದಿಗೆ ‘ಮಗ’ ಎನ್ನುವ ಅವರ ಮಾತು. ಆ ಮಾತನ್ನೂ ಪೂರ್ತಿ ಬರೆಯುವಷ್ಟು ವ್ಯವಧಾನವಿಲ್ಲ, ಒಂದಕ್ಷರ ಹಾಕಿ ಚುಕ್ಕೆ ಇಟ್ಟುಬಿಡುತ್ತಿದ್ದರು. ಕಾಯಿಲೆಗೆ ಎರಡು ವರ್ಷ ಮುಂಚೆ ನಾವು ಮೂವರೂ ಹೋಗಿದ್ದಾಗ ಇವರು ಅಂಥ ಒಂದು ಕಲ್ಲಿನ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು.

“ನೋಡೇ, ಇವನೂ ನಮ್ಮಂಡ್ಯದೋನೇ. ಅಪ್ಪನ್ನ ಜೊತೇಲೇ ಕರ್ಕೊಂಡು ಬಂದಿದ್ದಾನೆ,” ಎಂದರು.

“ಅವನು ಅಪ್ಪನ್ನ ನಡುವೆ ಇಟ್ಕೊಂಡಿದ್ದಾನೆ. ನೀವು ನಿಮ್ಮನ್ನೇ ನಡುವೆ ಇಟ್ಕೊಂಡಿದ್ದೀರ,” ಎಂದೆ.

“ಅಪ್ಪ ಮುಂದೆ ನಡೆದ್ರೆ ಬಿಸ್ಲು ಬೀಳಲ್ಲ ಬಿಡು.”

ಹದಿನಾಲ್ಕು ವರ್ಷದ ಮಗಳು, “ಕ್ಯಾನ್ ವಿ ಗೋ ಮಾಕಾನ್ ನೌ?” ಎಂದು ಗೊಣಗಿದಳು. ಊಟಕ್ಕೆ ಹೋದೆವು. ಆ ಫೋಟೋವನ್ನೇ ನಾನು ಪಾಠಕ್ಕೆ ಸ್ಲೈಡು ಮಾಡಿಕೊಂಡಿದ್ದೆ, ಇವರನ್ನು ಅರ್ಧ ಕತ್ತರಿಸಿ.

ಎರಡನೆಯ ವರ್ಷದ ಜುಲೈ ತಿಂಗಳಲ್ಲಿ ಇವರಿಗೆ ಜ್ವರ ಬಂತು. ಮನೆಯಿಂದಲೇ ಕೆಲಸ ಮಾಡಬಹುದಾಗಿದ್ದರೂ ಬಂದರಿನ ಕಚೇರಿಯಲ್ಲಿ ಏನೋ ಕೆಟ್ಟಿದೆ ಎಂದು ಪರವಾನಗಿ ತೆಗೆದುಕೊಂಡು ಎರಡು ದಿನ ಹೋಗಿಬಂದಿದ್ದರು. ಹೋಗಬೇಡಿ ಎಂದು ನಾನು ಕೂಗಾಡಿದ್ದೆ. ಜ್ವರ ಬಂದ ಮೇಲೆ ಇನ್ನೂ ಕೂಗಾಡಿದೆ. ಕೋಪ ನನ್ನ ಮೂಗಿನ ತುದಿಯಲ್ಲೇ ಇರುತ್ತದೆ. ಹೆದರಿಕೆಯಾದಾಗಲೂ ನನಗೆ ಬರುವುದು ಕೋಪವೇ. ಇವರಿಗೆ ಅದು ಗೊತ್ತಿತ್ತು, ಗೊತ್ತಿತ್ತು ಎಂದುಕೊಂಡಿದ್ದೇನೆ.

ಬೆರಳಿಗೆ ಸಿಕ್ಕಿಸುವ ಯಂತ್ರದಲ್ಲಿ ಅಂಕಿ ಇಳಿಯುತ್ತಾ ಹೋಯಿತು. ಆಂಬುಲೆನ್ಸಿನ ಬಿಳಿ ಅಂಗಿಯವರು ಬಂದರು. ಪಾಸ್‌ಪೋರ್ಟ್ ನೋಡಿ ಅರ್ಜಿ ತುಂಬಿಕೊಂಡರು, ನನ್ನ ನಂಬರು ಬರೆದುಕೊಂಡರು. ಇವರು ತಾವೇ ನಡೆದು ಲಿಫ್ಟಿನವರೆಗೆ ಹೋದರು.

“ಚಾರ್ಜರ್ ಹಾಕಿದ್ದೀಯಾ?” ಎಂದು ತಿರುಗಿ ಕೇಳಿದರು.

“ಹಾಕಿದ್ದೀನಿ,” ಎಂದೆ. ನಾನು ಹಾಕಿದ್ದು ಮಗಳ ಟ್ಯಾಬಿನ ಚಾರ್ಜರ್. ಅದರ ಪಿನ್ನು ಬೇರೆ. ಎರಡನೆಯ ದಿನ ಇವರ ಫೋನು ಸತ್ತಿತು. ಆಮೇಲೆ ನನಗೆ ಉಳಿದದ್ದು ಆಸ್ಪತ್ರೆಯವರು ಮಾಡುವ ಫೋನು ಮಾತ್ರ.

ದಿನಾ ಮಧ್ಯಾಹ್ನ ವಾರ್ಡಿನ ಡಾಕ್ಟರು ಆಸ್ಪತ್ರೆಯ ಲ್ಯಾಂಡ್‌ಲೈನಿನಿಂದ ಮಾಡುತ್ತಿದ್ದರು. ‘ಪುವಾನ್, ಯುವರ್ ಹಸ್ಬೆಂಡ್’ ಎಂದೇ ಅವರ ಮಾತು ಶುರುವಾಗುತ್ತಿತ್ತು. ಪುವಾನ್ ಎಂದರೆ ಅಮ್ಮಾ, ಮೇಡಂ ಎಂದ ಹಾಗೆ. ಹೆಸರಿನ ಪ್ರಸ್ತಾಪವೇ ಬರಲಿಲ್ಲ. ನಾಲ್ಕನೆಯ ದಿನ ಅವರು, ಉಸಿರಾಟ ಕಷ್ಟವಾಗುತ್ತಿದೆ, ವೆಂಟಿಲೇಟರಿಗೆ ಹಾಕಬೇಕಾಗಿ ಬರಬಹುದು, ಹಾಗೇನಾದರೂ ಬಂದರೆ ಅದಕ್ಕೆ ಮುಂಚೆ ವಿಡಿಯೋ ಕಾಲಿನಲ್ಲಿ ಮಾತಾಡಿಸುತ್ತೇವೆ, ಫೋನ್ ಹತ್ತಿರದಲ್ಲೇ ಇಟ್ಟುಕೊಳ್ಳಿ ಎಂದರು.

ಹತ್ತಿರದಲ್ಲೇ ಇಟ್ಟುಕೊಂಡೆ. ಸ್ನಾನದ ಮನೆಗೂ ಒಯ್ದೆ. ಏನು ಹೇಳಬೇಕೆಂದು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡೆ, ಸಮಯಕ್ಕೆ ಸರಿಯಾಗಿ ನಾಲಿಗೆ ಹೊರಳದಿದ್ದರೆ ಎಂದು. ಮಗಳು ಚೆನ್ನಾಗಿದ್ದಾಳೆ. ಹೆದರಬೇಡಿ. ಬೈದದ್ದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ. ಇಷ್ಟೇ ಮೂರು ಸಾಲು. ಮೂರನೆಯದನ್ನೇ ಮೊದಲು ಹೇಳಬೇಕು ಎಂದು ಅದರ ಪಕ್ಕದಲ್ಲಿ ಒಂದು ಗುರುತು ಹಾಕಿದ್ದೆ.

ಐದನೆಯ ದಿನ ಮಧ್ಯಾಹ್ನ ಎರಡು ಗಂಟೆಗೆ ಪಾಠವಿತ್ತು. ರಜೆ ಹಾಕಬಹುದಿತ್ತು. ಸುಮ್ಮನೆ ಕುಳಿತರೆ ಹುಚ್ಚು ಹಿಡಿಯುತ್ತದೆ ಎಂದು ಹಾಕಲಿಲ್ಲ. ಅವತ್ತಿನದು ನಡುವಿನ ಹೆಸರಿನ ಪಾಠ. ಗೋರಿಕಲ್ಲಿನ ಸ್ಲೈಡು ಮುಗಿಸಿ ಜರ್ಮನ್ ಅಣ್ಣತಮ್ಮಂದಿರ ಕತೆಗೆ ಬಂದಿದ್ದೆ. ಮೊದಲ ಹೆಸರನ್ನು ದಾಟಿ ಓದಿ ಎಂದು ಹೇಳುತ್ತಿದ್ದ ಹಾಗೇ ಫೋನು ಹೊಡೆದುಕೊಂಡಿತು. ಯಾವುದೋ ಮೊಬೈಲ್ ನಂಬರು. ಮೈಕ್ ಆಫ್ ಮಾಡಿ ಎತ್ತಿಕೊಂಡೆ.

ಹೆಣ್ಣು ದನಿ, ಬಾಯಿಗೆ ಬಟ್ಟೆ ಕಟ್ಟಿಕೊಂಡು ಮಾತಾಡಿದ ಹಾಗೆ ಅಸ್ಪಷ್ಟ. ಹಿಂದೆ ಏನೋ ಗದ್ದಲ. ಮಲಯ್ ಭಾಷೆಯಲ್ಲಿ ಏನೋ ಅಂದು, ಆಮೇಲೆ ಇಂಗ್ಲಿಷಿಗೆ ಹೊರಳಿ, ಇದು ಎಂಚಿಕ್ ಇಂಥವರ ಮನೆಯೇ ಎಂದು ಮಾವನವರ ಹೆಸರು ಕೇಳಿದಳು. ಎಂಚಿಕ್ ಎಂದರೆ ಶ್ರೀಯುತರು.

ಆ ವಾರ ಆಗಲೇ ಎರಡು ಮೋಸದ ಫೋನು ಬಂದಿದ್ದವು. ನನಗೆ ಮೈಯೆಲ್ಲ ಉರಿದುಹೋಯಿತು. ಇಲ್ಲಿ ನಾನು ಜೀವ ಕೈಯಲ್ಲಿ ಹಿಡಿದುಕೊಂಡು ಆಸ್ಪತ್ರೆಯ ಫೋನಿಗೆ ಕಾಯುತ್ತಿದ್ದರೆ ಈ ಕಳ್ಳರಿಗೆ ಈಗಲೇ ಪಾರ್ಸೆಲ್ ನೆನಪಾಗಬೇಕೆ?

“ಹಿ ಈಸ್ ಡೆಡ್,” ಎಂದೆ. “ಲಾಂಗ್ ಬ್ಯಾಕ್ ಡೆಡ್. ಯೂ ಕಾಲ್ ಹೆವನ್.”

“ಸಾರಿ, ಪುವಾನ್?” ಎಂದಳು. ನಾನು ಇಟ್ಟುಬಿಟ್ಟೆ. ಮತ್ತೆ ಅದೇ ನಂಬರಿನಿಂದ ಬಂತು. ಕತ್ತರಿಸಿದೆ. ಮೂರನೆಯ ಬಾರಿ ಬರುವಷ್ಟರಲ್ಲಿ ಆ ನಂಬರನ್ನು ಬ್ಲಾಕ್ ಮಾಡಿದೆ. ಆಸ್ಪತ್ರೆಯವರು ಮಾಡಿದಾಗ ಲೈನು ಖಾಲಿ ಇರಲಿ ಎಂದು. ಆಮೇಲೆ ಮೈಕ್ ಆನ್ ಮಾಡಿ, ಎಲ್ಲಿ ನಿಲ್ಲಿಸಿದ್ದೆ ಎಂದು ಕಪ್ಪು ಚೌಕಗಳನ್ನು ಕೇಳಿದೆ. ಒಂದು ಚೌಕ, “ಸೆಕೆಂಡ್ ನೇಮ್, ಮಿಸ್,” ಎಂದಿತು. ಇನ್ನೂ ನಲವತ್ತು ನಿಮಿಷ ಪಾಠ ಮಾಡಿದೆ. ಚೆನ್ನಾಗಿಯೇ ಮಾಡಿದೆ ಎಂದು ನೆನಪು.

ಮುಗಿಸಿ ಅಡುಗೆಮನೆಗೆ ಹೋದಾಗ ಮಗಳು ನೀರು ಕುಡಿಯುತ್ತಿದ್ದಳು. ಎದುರು ಮನೆಯ ತಮಿಳು ಅಕ್ಕ ಬಾಗಿಲ ಹಿಡಿಗೆ ತಗುಲಿಸಿ ಹೋಗಿದ್ದ ಇಡ್ಲಿಯ ಪೊಟ್ಟಣ ಬಿಚ್ಚದೆ ಹಾಗೇ ಇತ್ತು.

“ಮತ್ತೆ ತಾತನ್ನ ಕೇಳ್ಕೊಂಡು ಫೋನ್ ಬಂದಿತ್ತು ಕಣೇ. ಇವತ್ತು ಹೆಂಗಸು. ಮೂರು ಸಲ ಮಾಡ್ತಾಳೆ, ನಾಚ್ಕೆ ಇಲ್ದೋಳು,” ಎಂದೆ.

ಮಗಳು ಲೋಟ ಕೆಳಗಿಟ್ಟಳು. ಕನ್ನಡ ಅವಳಿಗೆ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

“ಅಮ್ಮಾ, ಬಟ್ ದಟ್ಸ್ ಅಪ್ಪಾಸ್ ನೇಮ್ ಲಾ,” ಎಂದಳು. “ಇನ್ ಸ್ಕೂಲ್ ಆಲ್ಸೋ ಮೈ ಫಾದರ್ ಈಸ್ ದಟ್. ಎವ್ರಿವೇರ್.”

ಅವಳು ಹುಟ್ಟಿದ್ದು ಇಲ್ಲಿ. ತಾತನನ್ನು ನೋಡಿದವಳಲ್ಲ. ಅವಳಿಗೆ ಆ ಹೆಸರು ಕೇಳಿದರೆ ಬಿಳಿ ಪಂಚೆ ಕಾಣುತ್ತಿರಲಿಲ್ಲ, ಅಪ್ಪನೇ ಕಾಣುತ್ತಿದ್ದ. ಇಷ್ಟು ಸುಲಭದ ಮಾತು ನನ್ನ ತಲೆಗೆ ಹೊಳೆಯಲಿಲ್ಲ. ಪುಸ್ತಕದ ಬದನೆಕಾಯಿ ಎನ್ನುತ್ತಾರಲ್ಲ, ಅದು ನಾನು. ನಾಲ್ಕುನೂರು ವರ್ಷದ ಹಿಂದಿನ ಹುಡುಗ ನಡುವಿನ ಹೆಸರಿನಲ್ಲಿದ್ದಾನೆ ಎಂದು ಗೊತ್ತಿತ್ತು.

ನಂಬರನ್ನು ಬ್ಲಾಕಿನಿಂದ ತೆಗೆದು ಫೋನ್ ಮಾಡಿದೆ. ಯಾರೂ ಎತ್ತಲಿಲ್ಲ. ಮಾಡುತ್ತಲೇ ಇದ್ದೆ. ಸ್ವಲ್ಪ ಹೊತ್ತಿಗೆ ಲ್ಯಾಂಡ್‌ಲೈನಿನಿಂದ ಡಾಕ್ಟರೇ ಮಾಡಿದರು. ಪುವಾನ್, ಯುವರ್ ಹಸ್ಬೆಂಡ್. ನಾವು ಪ್ರಯತ್ನಪಟ್ಟೆವು, ಏನೋ ಗೊಂದಲವಾಯಿತು, ರೋಗಿ ತೀರಿಕೊಂಡಿದ್ದಾರೆ ಎಂದು ಮನೆಯವರು ಹೇಳಿದರಂತೆ. ಹೆಚ್ಚು ಹೊತ್ತು ಕಾಯುವಂತಿರಲಿಲ್ಲ. ಈಗ ವೆಂಟಿಲೇಟರ್ ಮೇಲಿದ್ದಾರೆ, ಮಲಗಿಸಿದ್ದೇವೆ.

“ಓಕೆ, ಡಾಕ್ಟರ್. ಥ್ಯಾಂಕ್ ಯೂ,” ಎಂದೆ. ಬೇರೇನು ಹೇಳಿದೆನೋ ನೆನಪಿಲ್ಲ.

ಆಮೇಲೆ ಒಂಬತ್ತು ದಿನ. ಆ ಒಂಬತ್ತು ದಿನದ ಬಗ್ಗೆ ಬರೆಯಲು ಏನೂ ಇಲ್ಲ. ಅನ್ನ ಮಾಡಿದೆ. ಪಾಠ ಮಾಡಿದೆ. ಮಕ್ಕಳು ನಡುವಿನ ಹೆಸರಿನ ಮೇಲೆ ಬರೆದ ಪ್ರಬಂಧಗಳನ್ನು ತಿದ್ದಿದೆ, ಒಬ್ಬಳು ತುಂಬ ಚೆನ್ನಾಗಿ ಬರೆದಿದ್ದಳು. ಅಳು ಬರಲಿಲ್ಲ. ಕೈಕಾಲಿಗೆ ಜೋಮು ಹಿಡಿದರೆ ಚಿವುಟಿ ನೋಡುತ್ತೇವಲ್ಲ, ಹಾಗೆ ಆಗಾಗ ಚೀಟಿಯನ್ನು ತೆಗೆದು ಮೂರು ಸಾಲು ಓದಿ ನೋಡುತ್ತಿದ್ದೆ. ಏನೂ ಆಗುತ್ತಿರಲಿಲ್ಲ. ಹತ್ತನೆಯ ದಿನ ಬೆಳಿಗ್ಗೆ ಲ್ಯಾಂಡ್‌ಲೈನಿನಿಂದ ಫೋನ್ ಬಂತು, ಯುವರ್ ಹಸ್ಬೆಂಡ್ ಎಂದರು, ನನಗೆ ಗೊತ್ತಾಯಿತು.

ದಹನಕ್ಕೆ ಇಬ್ಬರಿಗೆ ಮಾತ್ರ ಅವಕಾಶ. ನಾನೂ ಮಗಳೂ ದೂರದಲ್ಲಿ ನಿಂತು ನೋಡಿದೆವು. ಮಂತ್ರವನ್ನು ಪುರೋಹಿತರು ಫೋನಿನಲ್ಲೇ ಹೇಳಿದರು, ನಡುವೆ ಎರಡು ಬಾರಿ ಸಿಗ್ನಲ್ ಹೋಯಿತು. ಮೃತರ ಹೆಸರು ಹೇಳಿ ಎಂದಾಗ ನಾನು ತಡವರಿಸಿದೆ. ಹೇಳಲು ಬಾಯಿ ಬರಲಿಲ್ಲ. ಮಗಳೇ ಹೇಳಿದಳು, ನಡುವಿನದನ್ನು, ಅದೊಂದನ್ನೇ. ಅವಳ ಉಚ್ಚಾರಣೆ ಸ್ವಲ್ಪ ಇಂಗ್ಲಿಷಿನ ಹಾಗಿತ್ತು. ಪುರೋಹಿತರು ತಿದ್ದಿ ಹೇಳಿಕೊಂಡರು.

ಮಾರನೆಯ ದಿನ ಬೂದಿಯ ಕುಡಿಕೆ ಕೈಗೆ ಕೊಟ್ಟರು. ಮೇಲೆ ಅಂಟಿಸಿದ ಚೀಟಿಯಲ್ಲಿ ಮಾವನವರ ಹೆಸರು, ಒಂದಕ್ಷರ, ಒಂದು ಚುಕ್ಕೆ, ಊರಿನ ಹೆಸರು. ಕಿಟಕಿಯ ಹಿಂದಿದ್ದವರನ್ನು ಕೇಳಿದೆ. ದಾಖಲೆಯಲ್ಲಿ ಇರುವಂತೆಯೇ ಬರುತ್ತದೆ ಎಂದರು, ಅವರ ತಪ್ಪೇನೂ ಇರಲಿಲ್ಲ. ಮನೆಗೆ ಬಂದು ಆ ಚುಕ್ಕೆಯ ಮೇಲೆ ಇವರ ಹೆಸರನ್ನು ಕನ್ನಡದಲ್ಲಿ ಬರೆದೆ. ಇಪ್ಪತ್ತು ವರ್ಷದಲ್ಲಿ ಆ ಹೆಸರನ್ನು ಕನ್ನಡದಲ್ಲಿ ಬರೆದದ್ದು ಅದೇ ಮೊದಲು. ಕೈ ಒದ್ದೆಯಾಗಿತ್ತು, ಶಾಯಿ ಹರಡಿತು. ಒರೆಸಲು ಹೋಗಲಿಲ್ಲ.

ಇವರ ಬಟ್ಟೆಬರೆ ತೆಗೆದುಕೊಳ್ಳಲು ಆಸ್ಪತ್ರೆಗೆ ಹೋದದ್ದು ಅದಾಗಿ ಎರಡು ವಾರಕ್ಕೆ. ಬಾಗಿಲ ಹೊರಗೆ ಮೇಜು ಹಾಕಿ ಕೊಡುತ್ತಿದ್ದರು. ಒಂದು ಪ್ಲಾಸ್ಟಿಕ್ ಚೀಲ. ಅದರಲ್ಲಿ ಕನ್ನಡಕ, ಸತ್ತ ಫೋನು, ಪಿನ್ನು ಹೊಂದದ ಚಾರ್ಜರು. ಚೀಲದ ಮೇಲಿನ ಹೆಸರು ಓದಿ ಸಹಿ ಹಾಕುತ್ತಿದ್ದಾಗ ಮೇಜಿನ ಹಿಂದಿದ್ದ ನರ್ಸು ನನ್ನನ್ನೇ ನೋಡುತ್ತಿದ್ದಳು. ಚಿಕ್ಕ ವಯಸ್ಸು, ಮಾಸ್ಕಿನ ಮೇಲೆ ಕಣ್ಣು ಮಾತ್ರ ಕಾಣುತ್ತಿತ್ತು.

“ಪುವಾನ್, ಅವತ್ತು ಫೋನ್ ಮಾಡಿದ್ದು ನಾನು,” ಎಂದು ಇಂಗ್ಲಿಷಿನಲ್ಲಿ ಹೇಳಿದಳು.

ಆ ದನಿಯವಳನ್ನು ಎಲ್ಲಿಯಾದರೂ ಕಂಡರೆ ಕೇಳಬೇಕೆಂದು ನನ್ನಲ್ಲಿ ಬಹಳ ಪ್ರಶ್ನೆಗಳಿದ್ದವು. ಯುವರ್ ಹಸ್ಬೆಂಡ್ ಎನ್ನಲು ನಿನಗೇನಾಗಿತ್ತು, ಎರಡು ಪದ ತಾನೇ? ಆದರೆ ಅವಳ ಕೈಯ ಚರ್ಮ ತೊಳೆದೂ ತೊಳೆದೂ ಸುಲಿದುಹೋಗಿತ್ತು. ನಾನು ಸಹಿ ಮುಗಿಸಿ ಪೆನ್ನು ಕೆಳಗಿಟ್ಟೆ.

“ಫೋನ್ ಸ್ಪೀಕರಿನಲ್ಲಿತ್ತು,” ಎಂದಳು. “ಅವರ ಮುಖದ ಹತ್ತಿರ ಹಿಡಿದಿದ್ದೆ. ನೀವು ಹೇಳಿದ್ದು ಅವರಿಗೆ ಕೇಳಿಸಿತು.”

ನಾನು ಚೀಲವನ್ನು ಎರಡೂ ಕೈಯಲ್ಲಿ ಎತ್ತಿಕೊಂಡೆ.

“ಅವರು ನಕ್ಕರು, ಪುವಾನ್. ತುಂಬ ನಕ್ಕರು. ಮೈಯೆಲ್ಲ ಕುಲುಕುವ ಹಾಗೆ. ಆಕ್ಸಿಜನ್ ಇಳಿದು ಯಂತ್ರ ಕೂಗಲು ಶುರುವಾಯಿತು. ನಗಬೇಡಿ ಎಂಚಿಕ್ ಎಂದು ನಾನು ಗದರಿದೆ. ನಿಲ್ಲಿಸಲೇ ಇಲ್ಲ. ಮತ್ತೆ ನಿಮಗೆ ಮಾಡಿದೆ, ಆಗಲಿಲ್ಲ. ಅಷ್ಟರಲ್ಲಿ ಡಾಕ್ಟರು ಬಂದುಬಿಟ್ಟರು.”

ಅವಳು ತಡೆದು, ಬೆರಳನ್ನು ಮೇಲಕ್ಕೆತ್ತಿ ತೋರಿಸಿದಳು. “ಹೀಗೆ ಮಾಡುತ್ತಲೇ ಇದ್ದರು. ಮಂಚದ ತಲೆಯ ಕಡೆ ಎತ್ತಬೇಕೇನೋ ಎಂದು ಎತ್ತಿದೆ. ಆದರೂ ಹೀಗೇ ಮಾಡುತ್ತಿದ್ದರು. ಇನ್ನೂ ಎತ್ತಿದೆ. ಅವರಿಗೆ ಅದೇ ತಾನೇ ಬೇಕಾಗಿದ್ದದ್ದು?”

ಅವಳು ಉತ್ತರಕ್ಕೆ ಕಾಯುತ್ತಿದ್ದಳು. ಎಷ್ಟೋ ದಿನದಿಂದ ಕಾಯುತ್ತಿದ್ದಳು ಎಂದು ನನಗೆ ಅನ್ನಿಸಿತು.

“ಹೌದು,” ಎಂದೆ. “ಅದೇ.”

ಕಾರಿನಲ್ಲಿ ಬಂದು ಕುಳಿತೆ. ಇವರಿಗೆ ಗೊತ್ತಿತ್ತು, ನಾನು ಇವರನ್ನು ತಳ್ಳಿಹಾಕಲಿಲ್ಲ ಎಂದು ಗೊತ್ತಿತ್ತು. ಅಷ್ಟರ ಮಟ್ಟಿಗೆ ಸಮಾಧಾನವಾಗಬೇಕಿತ್ತು. ಆಯಿತೋ ಏನೋ. ಆದರೆ ಆ ನಗುವಿಗೆ ಎಷ್ಟು ಉಸಿರು ಖರ್ಚಾಯಿತು, ನಗದೆ ಇದ್ದಿದ್ದರೆ ಇನ್ನೊಂದು ಅರ್ಧ ಗಂಟೆ ತಡೆಯುತ್ತಿತ್ತೇ, ಆ ಅರ್ಧ ಗಂಟೆಯಲ್ಲಿ ನಾನು ಪಾಠ ಮುಗಿಸಿ ಅಡುಗೆಮನೆಗೆ ಹೋಗಿರುತ್ತಿದ್ದೆನೇ ಎನ್ನುವ ಲೆಕ್ಕವನ್ನು ಅಂದಿನಿಂದ ಮಾಡುತ್ತಿದ್ದೇನೆ. ಡಾಕ್ಟರನ್ನು ಕೇಳಬಹುದಿತ್ತು, ಕೇಳಲಿಲ್ಲ. ಮಗಳಿಗೆ ನಕ್ಕದ್ದನ್ನು ಮಾತ್ರ ಹೇಳಿದ್ದೇನೆ.

ನಿರ್ಬಂಧಗಳೆಲ್ಲ ಸಡಿಲವಾದ ಮೇಲೆ ಒಂದು ಭಾನುವಾರ ಬೆಳಿಗ್ಗೆ, ಸೊಪ್ಪು ಬಿಡಿಸುತ್ತಾ ಕುಳಿತಿದ್ದಾಗ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಗಂಡು ದನಿ. ಎಂಚಿಕ್ ಎಂದು ಮಾವನವರ ಹೆಸರು ಹೇಳಿ, ಅವರ ಪಾರ್ಸೆಲ್ ಕಸ್ಟಮ್ಸ್‌ನಲ್ಲಿ ಸಿಕ್ಕಿಕೊಂಡಿದೆ, ಅವರು ಮನೆಯಲ್ಲಿದ್ದಾರೆಯೇ ಎಂದು ಕೇಳಿದ.

“ಇದ್ದಾರೆ,” ಎಂದೆ. “ಲೈನಲ್ಲೇ ಇರಿ, ಕೊಡ್ತೀನಿ.” ಕನ್ನಡದಲ್ಲೇ ಹೇಳಿದೆ ಎಂದು ಆಮೇಲೆ ಗೊತ್ತಾಯಿತು.

ಫೋನನ್ನು ಸ್ಪೀಕರಿಗೆ ಹಾಕಿ, ಸೋಫಾದ ಮೇಲೆ ಇವರು ಕುಳಿತುಕೊಳ್ಳುತ್ತಿದ್ದ ಜಾಗದಲ್ಲಿ ಇಟ್ಟು, ಎದುರಿಗೆ ಕುಳಿತು ಸೊಪ್ಪು ಬಿಡಿಸಿದೆ. ಅವನು ಆ ಹೆಸರು ಹಿಡಿದು ಹಲೋ, ಹಲೋ ಎಂದು ಬಹಳ ಹೊತ್ತು ಕರೆದ. ನಾನು ಇಡಲಿಲ್ಲ. ಕೊನೆಗೆ ಅವನೇ ಇಟ್ಟ.